‘ಕ್ವಾಲಿಟಿ ಆಫ್ ಮರ್ಸಿ’, ರಿಪೋರ್ಟೆಡ್ ಸ್ಪೀಚ್, ಬಸ್ಸಿನ ಪತ್ರ: ಮನೆಯಲ್ಲಿ ಕನ್ನಡದಲ್ಲೇ ಹೇಳಿಕೊಡಬಹುದಾ?

ತುಂಗಾತೀರ
ಮಗ ಕನ್ನಡ ಮಾಧ್ಯಮದಲ್ಲಿ ಹತ್ತನೇ ಕ್ಲಾಸು. ಇಂಗ್ಲಿಷ್ ದ್ವಿತೀಯ ಭಾಷೆ, 80 ಅಂಕ ಲಿಖಿತ ಪರೀಕ್ಷೆಗೆ, 20 ಆಂತರಿಕಕ್ಕೆ. ಸೋಮವಾರದೊಳಗೆ ಮೂರು ಹೋಂವರ್ಕ್ ಆಗಬೇಕು. ಹತ್ತು ವಾಕ್ಯಗಳನ್ನು ರಿಪೋರ್ಟೆಡ್ ಸ್ಪೀಚಿಗೆ, ಅಂದರೆ ಒಬ್ಬರು ಆಡಿದ ಮಾತನ್ನು ಇನ್ನೊಬ್ಬರು ವರದಿ ಮಾಡುವ ರೂಪಕ್ಕೆ, ಬದಲಾಯಿಸುವುದು ಒಂದು. ಶೇಕ್ಸ್‌ಪಿಯರನ ‘ಮರ್ಚೆಂಟ್ ಆಫ್ ವೆನಿಸ್’ ನಾಟಕದ ‘ಕ್ವಾಲಿಟಿ ಆಫ್ ಮರ್ಸಿ’ ಪದ್ಯದ ಅಲಂಕಾರಗಳನ್ನು ಗುರುತಿಸಿ, ಸಾಲ ತೀರಿಸದ ಕ್ರೈಸ್ತ ವ್ಯಾಪಾರಿಯ ಮೈಮಾಂಸವನ್ನೇ ಕರಾರಿನಂತೆ ಕೇಳುವ ಶೈಲಾಕನ ಮನವೊಲಿಸಲು ನ್ಯಾಯಪಂಡಿತನ ವೇಷದಲ್ಲಿ ಬಂದ ಪೋರ್ಷಿಯಾ ಏನೇನು ಮಾಡುತ್ತಾಳೆ ಅಂತ ಬರೆಯುವುದು ಇನ್ನೊಂದು. ಮೂರನೆಯದು, ಊರಿಗೆ ಬೆಳಿಗ್ಗೆ ಬಸ್ ಬಿಡಿ ಅಂತ ಡಿಪೋ ಮ್ಯಾನೇಜರಿಗೆ ಪತ್ರ. ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಬಿಡಿಸಿ ಹೇಳುತ್ತೇನೆ. ಹಾಗೆ ಹೇಳಿದರೆ ಇಂಗ್ಲಿಷ್ ತಲೆಗೆ ಹತ್ತುವುದಿಲ್ಲ ಅಂತ ಹಲವರ ಮಾತು. ನಿಜವಾ? ಎಲ್ಲಿಯವರೆಗೆ ಸಹಾಯ ಮಾಡಬೇಕು, ಎಲ್ಲಿ ಕೈ ಬಿಡಬೇಕು?

ಸೀದಾ_ಇಂಗ್ಲಿಷ್
ಹಲವರು ಹೇಳೋದು ಸರಿ ಇದೆ ಮೇಡಂ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆದ ವಾಕ್ಯ ನೋಡಿದ ಕೂಡಲೇ ಗೊತ್ತಾಗುತ್ತದೆ. ‘ಐ ಆ್ಯಮ್ ಹಿಯರ್ ಫ್ರಮ್ ಟೆನ್ ಇಯರ್ಸ್’ ಅನ್ನೋದು ‘ಹತ್ತು ವರ್ಷದಿಂದ ಇಲ್ಲಿದ್ದೇನೆ’ಯ ಪಡಿಯಚ್ಚು. ‘ಡಿಸ್ಕಸ್ ಅಬೌಟ್’ ಬಂದದ್ದು ‘ಬಗ್ಗೆ ಚರ್ಚಿಸು’ವಿನಿಂದ. ‘ಆಲ್ದೋ’ ಹಾಕಿದ ಮೇಲೂ ನಡುವೆ ‘ಬಟ್’ ತುರುಕುವುದು, ಎಲ್ಲ ವಾಕ್ಯದ ಕೊನೆಗೂ ‘ಅಲ್ವಾ’ ಅನ್ನುವ ಹಾಗೆ ‘ಇಸಂಟ್ ಇಟ್’ ಅಂಟಿಸುವುದು, ಎಲ್ಲದರ ಮೂಲವೂ ಒಂದೇ.

ರೂಲು ವಿವರಿಸಬೇಡಿ. ಒಂದೇ ಮಾದರಿಯ ಹತ್ತು ಜೋಡಿ ವಾಕ್ಯ ಆರಿಸಿ, ನೇರ ಮಾತು ಒಂದು, ವರದಿ ಮಾತು ಒಂದು. ದೊಡ್ಡ ದನಿಯಲ್ಲಿ ಮೂರು ಸಲ ಓದಿಸಿ. ನಾಲ್ಕನೇ ಸಲ ಎಡಗಡೆಯದನ್ನು ನೀವು ಓದಿ, ಬಲಗಡೆಯದನ್ನು ಮುಚ್ಚಿಟ್ಟು ಅವನಿಂದ ಹೇಳಿಸಿ. 20 ನಿಮಿಷ ಸಾಕು. ಕಿವಿಗೆ ಕೂತ ಮಾದರಿ ಪರೀಕ್ಷೆಯ ದಿನ ತಾನೇ ಬರುತ್ತದೆ.

ಕಪ್ಪುಹಲಗೆ
ಸೀದಾ ಅವರೇ, ನೀವು ಕೊಟ್ಟ ಉದಾಹರಣೆಗಳನ್ನೇ ಇಟ್ಟುಕೊಂಡು ಹೇಳುತ್ತೇನೆ. ಆ ತಪ್ಪುಗಳು ಕನ್ನಡದಲ್ಲಿ ಹೇಳಿಕೊಟ್ಟಿದ್ದರಿಂದ ಬಂದದ್ದಲ್ಲ. ಕನ್ನಡ ಎಲ್ಲಿ ಬೇರೆ ದಾರಿ ಹಿಡಿಯುತ್ತದೆ ಅಂತ ಯಾರೂ ಹೇಳದೆ ಇದ್ದುದರಿಂದ ಬಂದದ್ದು. ಮಗು ಹೇಗೂ ಕನ್ನಡದಲ್ಲೇ ಯೋಚಿಸುತ್ತದೆ. ದೊಡ್ಡವರು ಕನ್ನಡ ಬಿಟ್ಟರೆ ಮಗು ಬಿಡುವುದಿಲ್ಲ, ಒಳಗೊಳಗೇ ಅನುವಾದ ಮಾಡಿಕೊಳ್ಳುತ್ತದೆ.

ರಿಪೋರ್ಟೆಡ್ ಸ್ಪೀಚ್ ನೋಡಿ. ಕನ್ನಡದಲ್ಲಿ ‘ರವಿ ತಾನು ನಾಳೆ ಬರುತ್ತೇನೆ ಎಂದ’ ಅನ್ನುತ್ತೇವೆ. ರವಿ ಆಡಿದ ಮಾತಿನಲ್ಲಿ ಬದಲಾದದ್ದು ಒಂದೇ ಪದ, ‘ನಾನು’ ಹೋಗಿ ‘ತಾನು’ ಆಯಿತು. ‘ಬರುತ್ತೇನೆ’ ಹಾಗೇ ಉಳಿಯಿತು, ‘ನಾಳೆ’ಯೂ ಹಾಗೇ ಉಳಿಯಿತು, ಕೊನೆಗೆ ‘ಎಂದ’ ಸೇರಿತು. ಇಂಗ್ಲಿಷಿನಲ್ಲಿ ಈ ಮೂರೂ ಅಲುಗಾಡುತ್ತವೆ. ಅದಕ್ಕೇ ಕನ್ನಡದ ಮಕ್ಕಳು ಸರ್ವನಾಮವನ್ನು ಹೇಗೋ ಸರಿ ಮಾಡಿ ಕಾಲವನ್ನು ಬದಲಿಸುವುದೇ ಇಲ್ಲ: ‘ರವಿ ಸೆಡ್ ದಟ್ ಹೀ ವಿಲ್ ಕಮ್ ಟುಮಾರೋ.’ ತಪ್ಪು ಎಲ್ಲಿ ಆಗುತ್ತದೆ ಅಂತ ಮೊದಲೇ ಗೊತ್ತಿದ್ದರೆ ಅಲ್ಲೇ ಕಾವಲು ಹಾಕಬಹುದು.

ಮೇಡಂ, ಹತ್ತು ವಾಕ್ಯಕ್ಕೂ ಹೀಗೆ ಮಾಡಿಸಿ. ಪೆನ್ಸಿಲಿನಲ್ಲಿ ನಾಲ್ಕು ಜಾಗಕ್ಕೆ ಸುತ್ತು ಹಾಕಲಿ: ‘ಸೆಡ್’ ಬಂದಿರುವ ಜಾಗ, ಸರ್ವನಾಮಗಳು, ಕ್ರಿಯಾಪದ, ಕಾಲ ಮತ್ತು ಜಾಗ ಹೇಳುವ ಪದಗಳು. ಆಮೇಲೆ ಒಂದೊಂದೇ ಸುತ್ತನ್ನು ಬದಲಿಸುತ್ತಾ ಹೋಗಲಿ. ‘ರವಿ ಸೆಡ್ ಟು ಮೀ, ಐ ವಿಲ್ ಮೀಟ್ ಯೂ ಹಿಯರ್ ಟುಮಾರೋ’ ಇದೆ ಅನ್ನಿ. ‘ಸೆಡ್ ಟು’ ಹೋಗಿ ‘ಟೋಲ್ಡ್’. ‘ಐ’ ಹೋಗಿ ‘ಹೀ’, ‘ಯೂ’ ಹೋಗಿ ‘ಮೀ’. ‘ವಿಲ್’ ಹೋಗಿ ‘ವುಡ್’. ‘ಹಿಯರ್’ ಹೋಗಿ ‘ದೇರ್’, ‘ಟುಮಾರೋ’ ಹೋಗಿ ‘ದ ನೆಕ್ಸ್ಟ್ ಡೇ’. ನಾಲ್ಕೂ ಸುತ್ತು ಖಾಲಿಯಾದರೆ ವಾಕ್ಯ ಮುಗಿಯಿತು.

ಕೆಂಪುಪೆನ್
ಕಪ್ಪುಹಲಗೆ ಮೇಷ್ಟ್ರು ಹೇಳಿದ ನಾಲ್ಕು ಸುತ್ತುಗಳಿಗೆ ಎರಡು ಮಾತು ಸೇರಿಸಬೇಕು. ಉತ್ತರಪತ್ರಿಕೆಯಲ್ಲಿ ಅಂಕ ಹೆಚ್ಚು ಸೋರುವುದು ಇಲ್ಲಿ.

ಪ್ರಶ್ನಾವಾಕ್ಯಗಳು ಮೊದಲನೆಯದು. ‘ವೇರ್ ಡು ಯೂ ಲಿವ್’ ಅನ್ನುವುದನ್ನು ಬದಲಿಸಿದಾಗ ‘ಶೀ ಆಸ್ಕ್ಡ್ ಮೀ ವೇರ್ ಐ ಲಿವ್ಡ್’ ಆಗಬೇಕು. ಬಹಳ ಮಕ್ಕಳು ಬರೆಯುವುದು ‘ವೇರ್ ಡಿಡ್ ಐ ಲಿವ್’. ಕನ್ನಡದಲ್ಲಿ ಪ್ರಶ್ನೆ ಆಗುವುದು ‘ಎಲ್ಲಿ’ ಅನ್ನುವ ಪದದಿಂದ ಅಥವಾ ‘ಬಂದನಾ’ ಅನ್ನುವಲ್ಲಿನ ‘ಆ’ ಇಂದ. ಪದಗಳ ಸ್ಥಾನ ಪಲ್ಲಟ ಆಗುವುದಿಲ್ಲ. ಇಂಗ್ಲಿಷಿನಲ್ಲಿ ಪಲ್ಲಟವೇ ಪ್ರಶ್ನೆಯ ಗುರುತು. ವರದಿ ಮಾಡಿದ ಮೇಲೆ ಅದು ಪ್ರಶ್ನೆಯಾಗಿ ಉಳಿದಿಲ್ಲ, ಆದ್ದರಿಂದ ಕರ್ತೃ ಮೊದಲು, ಕ್ರಿಯಾಪದ ಆಮೇಲೆ. ಕೊನೆಗೆ ಪ್ರಶ್ನಾರ್ಥಕ ಚಿಹ್ನೆಯೂ ಬೇಡ, ಪೂರ್ಣವಿರಾಮ ಸಾಕು. ‘ಹೌದು, ಇಲ್ಲ’ ಅಂತ ಉತ್ತರ ಬರುವ ಪ್ರಶ್ನೆಯಾದರೆ ನಡುವೆ ‘ಇಫ್’ ಅಥವಾ ‘ವೆದರ್’ ಬರಬೇಕು, ‘ದಟ್’ ಅಲ್ಲ.

ಎರಡನೆಯದು, ಕಾಲ ಬದಲಾಗದ ಸಂದರ್ಭಗಳು. ‘ಸೇಸ್’ ಅಂತ ವರ್ತಮಾನದಲ್ಲಿದ್ದರೆ ಒಳಗಿನ ಕಾಲ ಮುಟ್ಟಬಾರದು. ಭೂಮಿ ಸೂರ್ಯನ ಸುತ್ತ ಸುತ್ತುತ್ತದೆ ಅನ್ನುವಂಥ ಎಂದಿಗೂ ನಿಜವಾದ ಮಾತಿನಲ್ಲೂ ‘ಗೋಸ್’ ಅನ್ನು ‘ವೆಂಟ್’ ಮಾಡುವ ಅಗತ್ಯವಿಲ್ಲ.

ಆಜ್ಞೆ ಇದ್ದರೆ ‘ಟು’ ಹಾಕಿ ಮುಗಿಸಿ, ಬೇಡ ಅನ್ನುವುದಕ್ಕೆ ‘ನಾಟ್ ಟು’. ‘ಟೋಲ್ಡ್ ಟು ಮೀ’, ‘ಸೆಡ್ ಮೀ’ ಎರಡೂ ತಪ್ಪು. ಇದನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಳ್ಳಲಿ.

ಸೀದಾ_ಇಂಗ್ಲಿಷ್
ನಾಲ್ಕು ಸುತ್ತು, ಎರಡು ಅಪವಾದ, ಒಂದು ‘ಇಫ್’, ಒಂದು ‘ನಾಟ್ ಟು’. ಪರೀಕ್ಷಾ ಕೊಠಡಿಯಲ್ಲಿ ಇಷ್ಟೆಲ್ಲ ನೆನೆಯುತ್ತಾ ಕೂತರೆ ಪತ್ರ ಬರೆಯುವುದು ಯಾವಾಗ? ಬಾಯಿಗೆ ಬರಬೇಕು ಅನ್ನುವುದು ನನ್ನ ವಾದ. ಮಾತಾಡುವಾಗ ಯಾರೂ ಸುತ್ತು ಹಾಕಿಕೊಳ್ಳುವುದಿಲ್ಲ.

ಕಪ್ಪುಹಲಗೆ
ಒಪ್ಪುತ್ತೇನೆ, ಸುತ್ತು ಯಾವತ್ತೂ ಇರಬೇಕಾಗಿಲ್ಲ. ಮೊದಲ ಮೂರು ವಾಕ್ಯಕ್ಕೆ ಸುತ್ತು. ಮುಂದಿನ ಮೂರಕ್ಕೆ ಸುತ್ತಿಲ್ಲದೆ, ಬದಲಿಸುವಾಗ ಏನು ಬದಲಿಸಿದೆ ಅಂತ ಬಾಯಲ್ಲಿ ಹೇಳಲಿ. ಕೊನೆಯ ನಾಲ್ಕನ್ನು ನೀವು ಹೇಳುವ ಹಾಗೆ ಕಿವಿಯ ಮೇಲೆ ಮಾಡಲಿ. ಆದರೆ ಬರೀ ಕಿವಿಯಿಂದ ಕಲಿತ ಹುಡುಗ ಹೊಸ ವಾಕ್ಯ ಬಂದಾಗ ತಪ್ಪಿದರೆ ಎಲ್ಲಿ ತಪ್ಪಿದೆ ಅಂತ ಹುಡುಕಲು ಅವನ ಹತ್ತಿರ ಏನೂ ಇರುವುದಿಲ್ಲ. ಸುತ್ತು ಇರುವುದು ತಿದ್ದುವುದಕ್ಕೆ.

ಲಘುಗುರು
ಪದ್ಯಕ್ಕೆ ಬರುತ್ತೇನೆ. ಇಲ್ಲಂತೂ ಕನ್ನಡ ಬಿಟ್ಟರೆ ನಷ್ಟ. ಹತ್ತನೇ ಕ್ಲಾಸಿನ ಹುಡುಗ ಕನ್ನಡ ಪತ್ರಿಕೆಯಲ್ಲಿ ಉಪಮಾಲಂಕಾರಕ್ಕೆ ಲಕ್ಷಣ ಬರೆದು ಸಮನ್ವಯ ಮಾಡುವುದನ್ನು ಕಲಿತಿರುತ್ತಾನೆ. ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ ಅಂತ ನಾಲ್ಕು ಭಾಗ ಮಾಡಲು ಬರುತ್ತದೆ. ಇಂಗ್ಲಿಷ್ ಪತ್ರಿಕೆಯಲ್ಲಿ ಅದೇ ಹುಡುಗ ‘ಸಿಮಿಲಿ’ ಅಂತ ಒಂದು ಪದ ಬರೆದು ಸುಮ್ಮನಾಗುತ್ತಾನೆ. ಇದೇ ವಿದ್ಯೆ ಅಲ್ಲೂ ನಡೆಯುತ್ತದೆ ಅಂತ ಯಾರಾದರೂ ಹೇಳಬೇಕು.

ಎರಡನೇ ಸಾಲು ತೆಗೆದುಕೊಳ್ಳಿ: ‘ಇಟ್ ಡ್ರಾಪೆತ್ ಆ್ಯಸ್ ದ ಜೆಂಟಲ್ ರೇನ್ ಫ್ರಮ್ ಹೆವನ್’. ಉಪಮೇಯ ದಯೆ. ಉಪಮಾನ ಆಕಾಶದಿಂದ ಬೀಳುವ ಮೆಲುಮಳೆ. ಉಪಮಾವಾಚಕ ‘ಆ್ಯಸ್’. ಸಮಾನಧರ್ಮ ಯಾವುದು? ‘ಎರಡೂ ತಂಪು’ ಅಂತ ಬರೆದರೆ ಅರ್ಧ ಉತ್ತರ. ಯಾರೂ ಒತ್ತಾಯ ಮಾಡದೆ ತಾನಾಗಿ ಬೀಳುವುದು, ಇದೇ ಸಮಾನಧರ್ಮ. ಮೊದಲ ಸಾಲಿನಲ್ಲಿ ‘ನಾಟ್ ಸ್ಟ್ರೇನ್ಡ್’, ಬಲವಂತದ್ದಲ್ಲ, ಅಂದಿದ್ದಾಳಲ್ಲ, ಅದಕ್ಕೆ ಮಳೆ ಸಾಕ್ಷಿ. ಸಮನ್ವಯ ಮಾಡುವ ಹುಡುಗನಿಗೆ ಈ ಎರಡು ಸಾಲು ಕೂಡಿಕೊಂಡಿರುವುದು ಕಾಣುತ್ತದೆ.

ಡ್ರಾಪೆತ್, ಬ್ಲೆಸೆತ್ ನೋಡಿ ಹೆದರಬೇಕಾಗಿಲ್ಲ. ಇಂದಿನ ‘ಡ್ರಾಪ್ಸ್’, ‘ಬ್ಲೆಸಸ್’ಗಳ ಕೊನೆಯ ‘ಸ್’ ಇದ್ದ ಜಾಗದಲ್ಲಿ ಹಿಂದೆ ‘ಎತ್’ ಇತ್ತು, ಅಷ್ಟೇ.

ಕೆಂಪುಪೆನ್
ಈ ಪದ್ಯದಲ್ಲಿ ಮೂರು ಪದ ಮಕ್ಕಳನ್ನು ದಾರಿ ತಪ್ಪಿಸುತ್ತವೆ. ಮೂರೂ ಅವರಿಗೆ ಗೊತ್ತಿರುವ ಪದಗಳೇ, ಅದೇ ತೊಂದರೆ.

‘ಸ್ಟ್ರೇನ್ಡ್’: ಡಿಕ್ಷನರಿಯಲ್ಲಿ ಸೋಸಿದ, ಉಳುಕಿದ ಅಂತ ಸಿಗುತ್ತದೆ. ಇಲ್ಲಿ ಬಲವಂತಪಡಿಸಿದ ಅಂತ ಅರ್ಥ. ನಾಟಕದಲ್ಲಿ ಈ ಮಾತಿಗೆ ಸ್ವಲ್ಪ ಮೊದಲು ‘ಹಾಗಾದರೆ ಯಹೂದಿ ದಯೆ ತೋರಬೇಕು’ ಅನ್ನುತ್ತಾಳೆ ಪೋರ್ಷಿಯಾ. ಯಾವ ಒತ್ತಾಯದ ಮೇಲೆ ತೋರಬೇಕು ಹೇಳು, ಅಂತ ಕೇಳುತ್ತಾನೆ ಶೈಲಾಕ್. ಅದಕ್ಕೆ ಉತ್ತರವಾಗಿಯೇ ಈ ಪದ್ಯ ಶುರುವಾಗುವುದು: ದಯೆಗೆ ಒತ್ತಾಯ ಅನ್ನುವುದೇ ಇಲ್ಲ. ಈ ಹಿನ್ನೆಲೆ ಒಂದು ವಾಕ್ಯದಲ್ಲಿ ಹೇಳಿದರೆ ಪದದ ಅರ್ಥ ಉರು ಹೊಡೆಯಬೇಕಾಗಿಲ್ಲ.

‘ಬಿಕಮ್ಸ್’: ‘ಆಗುತ್ತದೆ’ ಅಲ್ಲ, ‘ಒಪ್ಪುತ್ತದೆ’. ದೊರೆಗೆ ಕಿರೀಟಕ್ಕಿಂತ ದಯೆ ಹೆಚ್ಚು ಒಪ್ಪುತ್ತದೆ ಅಂತ. ‘ದಯೆ ರಾಜನಾಗುತ್ತದೆ’ ಅಂತ ಬರೆದ ಉತ್ತರಗಳಿಗೆ ಲೆಕ್ಕವಿಲ್ಲ.

‘ಸೀಸನ್ಸ್’: ಋತುಗಳಲ್ಲ. ನ್ಯಾಯದ ಖಾರವನ್ನು ದಯೆ ಹದ ಮಾಡುತ್ತದೆ ಅಂತ. ‘ಹದಗೊಳಿಸು’ ಅಂದರೆ ಸಾಕು, ಅಡುಗೆಯೂ ಬಂತು, ತಗ್ಗಿಸುವುದೂ ಬಂತು. ಇಂಗ್ಲಿಷ್ ಪದದಲ್ಲೂ ಎರಡೂ ಇವೆ.

ಅನುವಾದದ ಆ್ಯಪಿಗೆ ಸಾಲು ಹಾಕಿ ಅರ್ಥ ಬರೆದುಕೊಳ್ಳುವ ಮಕ್ಕಳು ಈ ಮೂರರಲ್ಲಿ ಒಂದರಲ್ಲಾದರೂ ಎಡವದೆ ಇರುವುದು ಕಷ್ಟ.

ಮೆಲ್ಬರ್ನ್_ಕನ್ನಡತಿ
ಲಘುಗುರು ಅವರೇ, ಛಂದಸ್ಸನ್ನೂ ಕನ್ನಡದ ಹಾಗೇ ಪ್ರಸ್ತಾರ ಹಾಕಿ ಹೇಳಿಕೊಡಬಹುದಾ? ಇಲ್ಲಿ ಹೈಸ್ಕೂಲಿನಲ್ಲಿ ‘ಅಯಾಂಬಿಕ್ ಪೆಂಟಾಮೀಟರ್’ (ಒತ್ತಿಲ್ಲದ್ದು ಒಂದು, ಒತ್ತಿರುವುದು ಒಂದು, ಹೀಗೆ ಸಾಲಿಗೆ ಐದು ಜೋಡಿ) ಗುರುತಿಸಿ ಅಂತ ಕೊಡುತ್ತಾರೆ. ಮನೆಯಲ್ಲಿ ಕನ್ನಡ ಕಲಿತ ಮಕ್ಕಳು ಲಘು ಗುರು ಹಾಕಲು ಹೊರಡುತ್ತಾರೆ.

ಲಘುಗುರು
ಬೇಡ, ಇಲ್ಲಿ ಮಾತ್ರ ಕನ್ನಡ ಕೈ ಕೊಡುತ್ತದೆ. ನಮ್ಮ ಲಘು ಗುರು ಉಚ್ಚಾರದ ಅವಧಿಯ ಲೆಕ್ಕ, ಒಂದು ಮಾತ್ರೆ, ಎರಡು ಮಾತ್ರೆ. ಇಂಗ್ಲಿಷಿನದು ಒತ್ತಿನ ಲೆಕ್ಕ. ‘ಹೆವನ್’ ಅನ್ನೇ ನೋಡಿ. ನಮ್ಮ ಲೆಕ್ಕದಲ್ಲಿ ‘ಹೆ’ ಲಘು, ‘ವನ್’ ವ್ಯಂಜನದಲ್ಲಿ ನಿಲ್ಲುವುದರಿಂದ ಗುರು. ಇಂಗ್ಲಿಷಿನವರ ಬಾಯಲ್ಲಿ ಒತ್ತು ‘ಹೆ’ ಮೇಲೆ ಬೀಳುತ್ತದೆ, ‘ವನ್’ ಮೆಲ್ಲಗೆ ಜಾರುತ್ತದೆ. ಪೂರ್ತಿ ಉಲ್ಟಾ.

ಹೀಗೆ ಮಾಡಿ. ಮೊದಲ ಸಾಲನ್ನು ತುಂಡು ಮಾಡಿ, ಎರಡನೆಯ, ನಾಲ್ಕನೆಯ, ಆರನೆಯ, ಎಂಟನೆಯ, ಹತ್ತನೆಯ ತುಂಡಿಗೆ ಮೇಜು ಕುಟ್ಟಿ: ದ *ಕ್ವಾ* ಲಿ *ಟಿ* ಆಫ್ *ಮರ್* ಸಿ *ಇಸ್* ನಾಟ್ *ಸ್ಟ್ರೇನ್ಡ್*. ಹತ್ತು ತುಂಡು, ಐದು ಪೆಟ್ಟು. ‘ಟಿ’ ಮೇಲೂ ‘ಇಸ್’ ಮೇಲೂ ಬೀಳುವ ಪೆಟ್ಟು ಹಗುರ, ಓದುವಾಗ ಅವನ್ನು ಗುದ್ದಬಾರದು. ಎರಡನೇ ಸಾಲಿನಲ್ಲಿ ಎಣಿಸಿದರೆ ಹನ್ನೊಂದು ಬರುತ್ತದೆ, ‘ಹೆವನ್’ ಎರಡು ತುಂಡಾದ್ದರಿಂದ. ಮಗು ‘ತಪ್ಪಾಯಿತು’ ಅಂತ ಅಳಿಸದಿರಲಿ. ಕೊನೆಯಲ್ಲಿ ಒತ್ತಿಲ್ಲದ ಒಂದು ತುಂಡು ಹೆಚ್ಚಿಗೆ ಬರುವುದು ಈ ಛಂದಸ್ಸಿನಲ್ಲಿ ಮಾಮೂಲು, ‘ಹೆವ್ನ್’ ಅಂತ ಒಂದೇ ಉಸಿರಿನಲ್ಲಿ ಹೇಳುವ ರೂಢಿಯೂ ಉಂಟು.

ಪ್ರಾಸದ ವಿಚಾರ ಇನ್ನೊಂದು. ಕನ್ನಡದ ಮಕ್ಕಳಿಗೆ ಆದಿಪ್ರಾಸ ಗೊತ್ತು, ಸಾಲಿನ ಎರಡನೇ ಅಕ್ಷರ ಹೊಂದಬೇಕು. ಇಂಗ್ಲಿಷಿನವರು ಸಾಲಿನ ಕೊನೆಯಲ್ಲಿ, ಒತ್ತು ಬೀಳುವ ಸ್ವರದಿಂದ ಮುಂದಿನ ಸದ್ದು ಹೊಂದುತ್ತದಾ ಅಂತ ನೋಡುತ್ತಾರೆ. ಅದೂ ಕಿವಿಗೆ, ಕಣ್ಣಿಗಲ್ಲ. ಈ ಪದ್ಯದಲ್ಲಂತೂ ಅಂತ್ಯಪ್ರಾಸವೇ ಇಲ್ಲ. ‘ರೈಮ್ ಸ್ಕೀಮ್ ಬರೆಯಿರಿ’ ಅಂತ ಬಂದರೆ ಎಬಿಎಬಿ ಅಂತ ಊಹಿಸಿ ಬರೆಯುವ ಮಕ್ಕಳಿದ್ದಾರೆ. ಇದು ಬ್ಲಾಂಕ್ ವರ್ಸ್, ನಮ್ಮ ಸರಳ ರಗಳೆಯ ಹಾಗೆ ಪ್ರಾಸದ ಕಟ್ಟಿಲ್ಲದೆ ಹರಿಯುವ ಬಂಧ. ಸಾಲಿನ ಕೊನೆಯಲ್ಲಿ ನಿಲ್ಲಿಸಿ ಓದಬಾರದು, ಅರ್ಥ ಮುಗಿದಲ್ಲಿ ನಿಲ್ಲಬೇಕು. ‘ಹೆವನ್’ ಹತ್ತಿರ ನಿಲ್ಲಬೇಡಿ, ಮಳೆ ಎಲ್ಲಿ ಬಿತ್ತು ಅಂತ ಗೊತ್ತಾಗುವುದು ಮುಂದಿನ ಸಾಲಿನ ‘ಅಪಾನ್ ದ ಪ್ಲೇಸ್ ಬಿನೀತ್’ನಲ್ಲಿ.

ಸೀದಾ_ಇಂಗ್ಲಿಷ್
ಇದನ್ನೇ ನಾನು ಹೇಳುತ್ತಿದ್ದದ್ದು. ಮೇಜು ಕುಟ್ಟಿ ಓದಿದ ಪದ್ಯ ಕಂಠಪಾಠಕ್ಕೂ ಬೇಗ ಬರುತ್ತದೆ. ಬಾಯಿಪಾಠದ ಸಾಲು ಬರೆಯುವಾಗ ಪದ ಬಿಟ್ಟುಹೋದರೆ ಪೆಟ್ಟು ತಪ್ಪಿದ್ದು ಕಿವಿಗೇ ಗೊತ್ತಾಗುತ್ತದೆ.

ಲಘುಗುರು
ಈ ಮಾತಿಗೆ ನನ್ನ ಪೂರ್ಣ ಒಪ್ಪಿಗೆ.

ವಾದಸರಣಿ
ಎಲ್ಲರೂ ಅಲಂಕಾರದಲ್ಲಿ ನಿಂತಿದ್ದೀರಿ. ಹೋಂವರ್ಕಿನ ಅರ್ಧ ಭಾಗ ಮನವೊಲಿಕೆ. ‘ಪೋರ್ಷಿಯಾ ಸಿಮಿಲಿ ಬಳಸಿದ್ದಾಳೆ, ಮೆಟಫರ್ ಬಳಸಿದ್ದಾಳೆ’ ಅಂತ ಪಟ್ಟಿ ಕೊಟ್ಟರೆ ಅದಕ್ಕೆ ಉತ್ತರವಾಗುವುದಿಲ್ಲ. ಮಾತು ಹೇಗೆ ಮುಂದೆ ಸರಿಯುತ್ತದೆ ಅಂತ ಹೇಳಬೇಕು.

ಮಗನ ಕೈಗೆ ಎರಡು ಬಣ್ಣದ ಪೆನ್ಸಿಲ್ ಕೊಡಿ. ಒಂದರಲ್ಲಿ ‘ಮರ್ಸಿ’ ಬಂದಲ್ಲೆಲ್ಲ ಗೆರೆ ಎಳೆಯಲಿ, ಇನ್ನೊಂದರಲ್ಲಿ ‘ಜಸ್ಟಿಸ್’ ಬಂದಲ್ಲಿ. ‘ಡೀಡ್ಸ್ ಆಫ್ ಮರ್ಸಿ’ ತನಕ 19 ಸಾಲು. ‘ಜಸ್ಟಿಸ್’ ಅನ್ನುವ ಪದ ಮೊದಲ 13 ಸಾಲಿನಲ್ಲಿ ಒಮ್ಮೆಯೂ ಇಲ್ಲ. 14ನೇ ಸಾಲಿನಲ್ಲಿ ಮೊದಲ ಸಲ ಬರುತ್ತದೆ, ಅದೂ ‘ಮರ್ಸಿ’ಯ ಪಕ್ಕದಲ್ಲೇ. ಅದೇ ಸಾಲಿನಲ್ಲಿ ‘ದೇರ್‌ಫೋರ್’. ಅಲ್ಲಿಯತನಕ ದಯೆಯ ಗುಣಗಾನ, ಅಲ್ಲಿಂದ ಎದುರಿಗೆ ಇರುವವನ ಜತೆ ವ್ಯವಹಾರ. ಅವನು ಕೇಳುತ್ತಿರುವುದು ನ್ಯಾಯ. ಅದನ್ನು ಅವಳು ಅಲ್ಲಗಳೆಯುವುದಿಲ್ಲ, ‘ನಿನ್ನ ಕೋರಿಕೆ ನ್ಯಾಯವೇ ಆದರೂ’ ಅಂತ ಒಪ್ಪಿಕೊಂಡು ಮುಂದೆ ಹೋಗುತ್ತಾಳೆ. ಎದುರಾಳಿಯ ಮಾತನ್ನು ಮೊದಲು ಒಪ್ಪಿ ಆಮೇಲೆ ತಿರುಗಿಸುವುದು. ಈ ‘ಆದರೂ’ಗೆ ಪದ್ಯದಲ್ಲಿ ‘ದೋ’ ಇದೆಯಲ್ಲ, ಅದು ಸೀದಾ ಅವರು ಹೇಳಿದ ‘ಆಲ್ದೋ’ದ ಮನೆಯದೇ. ನಂತರ ‘ಬಟ್’ ಇಲ್ಲ ನೋಡಿ.

ಇನ್ನು ಸರ್ವನಾಮ. ‘ವಿ’, ‘ಅಸ್’ ಮೊದಲ 15 ಸಾಲಿನಲ್ಲಿ ಎಲ್ಲೂ ಇಲ್ಲ. 16ನೇ ಸಾಲಿನಿಂದ ‘ನನ್ ಆಫ್ ಅಸ್’, ‘ವಿ ಡು ಪ್ರೇ’, ‘ಟೀಚ್ ಅಸ್’. ಬರೀ ನ್ಯಾಯವೇ ಆದರೆ ನಮ್ಮಲ್ಲಿ ಯಾರಿಗೂ ಮುಕ್ತಿ ಇಲ್ಲ ಅನ್ನುವಾಗ ತನ್ನನ್ನೂ ಅವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿಬಿಟ್ಟಳು. ರಿಪೋರ್ಟೆಡ್ ಸ್ಪೀಚಿನಲ್ಲಿ ಸರ್ವನಾಮಕ್ಕೆ ಸುತ್ತು ಹಾಕುವ ಹುಡುಗ ಇಲ್ಲೂ ಹಾಕಲಿ, ಉತ್ತರದ ಮುಖ್ಯ ಅಂಶ ಅವನಿಗೇ ಸಿಗುತ್ತದೆ.

ಲಘುಗುರು
ತುಂಬ ಚೆನ್ನಾಗಿ ಹೇಳಿದಿರಿ. ಆದರೂ ಒಂದು ಆಕ್ಷೇಪ. ಇದನ್ನು ಮನವೊಲಿಕೆಯ ಮಾದರಿ ಅಂತ ಮಕ್ಕಳಿಗೆ ಕೊಡುವುದು ಎಷ್ಟು ಸರಿ? ಶೈಲಾಕನ ಮನಸ್ಸು ಬದಲಾಗುವುದೇ ಇಲ್ಲ. ‘ನನಗೆ ಕಾನೂನು ಬೇಕು’ ಅಂತ ಖಡಾಖಂಡಿತ ಹೇಳುತ್ತಾನೆ. ಕೊನೆಗೆ ಅವಳು ಗೆಲ್ಲುವುದು ಕರಾರಿನ ಅಕ್ಷರ ಹಿಡಿದು, ಮಾಂಸ ತೆಗೆದುಕೋ ಆದರೆ ಒಂದು ಹನಿ ರಕ್ತ ಬೀಳಕೂಡದು ಅಂತ.

ವಾದಸರಣಿ
ಅದಕ್ಕೇ ಒಳ್ಳೆಯ ಪಾಠ. ಯಾಕೆ ಸೋತಿತು ಅಂತ ಕೇಳಿ. ‘ನಾವು ದಯೆಗಾಗಿ ಪ್ರಾರ್ಥಿಸುತ್ತೇವೆ’ ಅನ್ನುವಾಗ ಅವಳ ಮನಸ್ಸಿನಲ್ಲಿ ಇರುವುದು ಕ್ರೈಸ್ತರ ಪ್ರಾರ್ಥನೆ ಅಂತ ಸಾಮಾನ್ಯವಾಗಿ ಓದುತ್ತಾರೆ. ಕೇಳುತ್ತಿರುವವನು ಯಹೂದಿ. ಅದೇ ಕ್ರೈಸ್ತ ವ್ಯಾಪಾರಿಯಿಂದ ಉಗುಳಿಸಿಕೊಂಡವನು. ಈ ಪದ್ಯದಲ್ಲಿ ಹೆಸರು ಹಿಡಿದು ಕರೆಯದೆ ‘ಯಹೂದಿ’ ಅಂತಲೇ ಅವಳು ಸಂಬೋಧಿಸುತ್ತಾಳೆ. ಹೀಗೆ ಕರೆದು, ಎರಡು ಸಾಲು ಆದ ಮೇಲೆ ‘ನಾವು’ ಅಂದರೆ ಆ ‘ನಾವು’ ಅವನಿಗೆ ತಟ್ಟುತ್ತದಾ? ವಾದ ಎಷ್ಟೇ ಸೊಗಸಾಗಿರಲಿ, ಕೇಳುವವನು ಈಗಾಗಲೇ ನಂಬಿರುವ ಜಾಗದಿಂದ ಶುರುವಾಗಬೇಕು.

ಲಘುಗುರು
ದಯೆಗಾಗಿ ಪ್ರಾರ್ಥನೆ ಯಹೂದಿಗಳಲ್ಲೂ ಇದೆ. ಆದ್ದರಿಂದ ‘ಅವನಿಗೆ ಸಂಬಂಧವಿಲ್ಲದ ಮಾತು’ ಅನ್ನಲಾರೆ. ಅವಳು ಇಬ್ಬರಿಗೂ ಸಲ್ಲುವ ನೆಲೆಯನ್ನೇ ಹುಡುಕಿದಳು, ಸಿಟ್ಟು ಅವನ ಕಿವಿ ಮುಚ್ಚಿತ್ತು ಅಂತ ನನ್ನ ಓದು. ಸಂಬೋಧನೆಯ ಬಗ್ಗೆ ನಿಮ್ಮ ಮಾತು ಒಪ್ಪುತ್ತೇನೆ.

ಕೆಂಪುಪೆನ್
ಇಬ್ಬರ ಓದನ್ನೂ ಹುಡುಗನ ಮುಂದಿಡಿ, ಒಂದನ್ನು ಅವನೇ ಆರಿಸಲಿ. ಉತ್ತರ ಬರೆಯುವಾಗ ಮಾತ್ರ ಪ್ರಶ್ನೆ ಏನು ಅಂತ ನೋಡಬೇಕು. ‘ಹೇಗೆ ಮನವೊಲಿಸುತ್ತಾಳೆ’ ಅಂತ ಇದ್ದರೆ ಮುಕ್ಕಾಲು ಭಾಗ ‘ಹೇಗೆ’ಗೆ, ಯಶಸ್ವಿಯಾದಳಾ ಅನ್ನುವುದು ಕೊನೆಯ ಎರಡು ವಾಕ್ಯ. ಒಂದೊಂದು ಅಂಶಕ್ಕೂ ಮೂರು ವಾಕ್ಯ: ಅವಳು ಏನು ಮಾಡಿದಳು, ಪದ್ಯದ ಯಾವ ಪದಗಳಲ್ಲಿ, ಅದರಿಂದ ಕೇಳುವವನ ಮೇಲೆ ಏನು ಪರಿಣಾಮ. ನಡುವಿನದು ಬಿಟ್ಟರೆ ಗೈಡಿನಿಂದ ಇಳಿಸಿದ ಹಾಗೆ ಕಾಣುತ್ತದೆ. ಕೊನೆಯದು ಬಿಟ್ಟರೆ ಬರೀ ಪಟ್ಟಿ ಆಗುತ್ತದೆ.

ಗೈಡಿನ ಉತ್ತರ ಉರು ಹೊಡೆದವರಿಗೆ ಪ್ರಶ್ನೆ ಸ್ವಲ್ಪ ತಿರುಗಿದರೆ ಸಾಕು. ‘ದಯೆ ದೊರೆಗೆ ಹೇಗೆ ಒಪ್ಪುತ್ತದೆ’ ಅಂತ ಕೇಳಿದ್ದಕ್ಕೆ ‘ದಯೆ ಎರಡು ಬಗೆಯಲ್ಲಿ ಧನ್ಯ’ ಅಂತ ಉತ್ತರ ಬರುತ್ತದೆ. ಎಐ ಚಾಟ್‌ಬಾಟಿನಿಂದ ಬರೆಸಿದ್ದೂ ಅಷ್ಟೇ. ಅದನ್ನು ಬಳಸಲೇಬೇಕು ಅಂದರೆ ಉತ್ತರ ಕೇಳಬೇಡಿ. ‘ರಿಪೋರ್ಟೆಡ್ ಸ್ಪೀಚಿನಲ್ಲಿ ತಪ್ಪಿರುವ ಐದು ವಾಕ್ಯ ಕೊಡು’ ಅಂತ ಕೇಳಿ ಹುಡುಗನಿಂದ ತಿದ್ದಿಸಿ. ತಿದ್ದಿದ್ದು ಸರಿಯೇ ಅಂತ ಪಠ್ಯಪುಸ್ತಕದ ಜತೆ ತಾಳೆ ನೋಡಿ, ಅದರ ಮಾತನ್ನೇ ಕೊನೆ ಅನ್ನಬೇಡಿ.

ತುಂಗಾತೀರ
ಎಲ್ಲರಿಗೂ ವಂದನೆಗಳು. ಪತ್ರದ ಮೊದಲ ಕರಡು ಹೀಗಿದೆ, ಅವನೇ ಬರೆದದ್ದು. ‘ವಿ ಆರ್ ಸಫರಿಂಗ್ ವೆರಿ ಮಚ್. ಸೋ ಕೈಂಡ್ಲಿ ಲೀವ್ ಒನ್ ಬಸ್ ಟು ಅವರ್ ವಿಲೇಜ್. ಇಟ್ ಇಸ್ ಯುವರ್ ಡ್ಯೂಟಿ. ವಿ ರಿಕ್ವೆಸ್ಟ್ ಫಾರ್ ಯೂ ಟು ಡು ದ ನೀಡ್‌ಫುಲ್.’ ಎಲ್ಲಿಂದ ತಿದ್ದಲಿ?

ಕಪ್ಪುಹಲಗೆ
ವ್ಯಾಕರಣದ ಪಾಲು ನನ್ನದು. ‘ಬಸ್ ಬಿಡಿ’ ಅನ್ನುವ ‘ಬಿಡು’ ಇಂಗ್ಲಿಷಿಗೆ ಹೋಗಿ ‘ಲೀವ್’ ಆಯಿತು. ಕನ್ನಡದಲ್ಲಿ ‘ಬಿಡು’ ಹತ್ತು ಕೆಲಸ ಮಾಡುತ್ತದೆ: ಬಸ್ ಬಿಡು, ನೀರು ಬಿಡು, ಕೈ ಬಿಡು, ರಜೆ ಬಿಡು. ಇಂಗ್ಲಿಷಿನಲ್ಲಿ ಒಂದೊಂದಕ್ಕೂ ಬೇರೆ ಬೇರೆ ಪದ. ಬಸ್ಸಿಗೆ ‘ರನ್’. ‘ಒನ್ ಬಸ್’ ಬೇಡ, ‘ಎ ಬಸ್’. ನಮ್ಮ ‘ಒಂದು ಬಸ್’ನ ‘ಒಂದು’ ಇಲ್ಲಿ ಎಣಿಕೆಯಲ್ಲ. ‘ರಿಕ್ವೆಸ್ಟ್’ ಕ್ರಿಯಾಪದವಾಗಿ ಬಂದಾಗ ‘ಫಾರ್’ ಬೇಡ: ‘ವಿ ರಿಕ್ವೆಸ್ಟ್ ಯೂ ಟು ರನ್ ಎ ಬಸ್’. ನಾಮಪದವಾದರೆ ಮಾತ್ರ ‘ಎ ರಿಕ್ವೆಸ್ಟ್ ಫಾರ್ ಎ ಬಸ್’. ಇದನ್ನು ಕನ್ನಡದ ಹೋಲಿಕೆ ಇಲ್ಲದೆ ವಿವರಿಸಿ ನೋಡಿ, ಸೀದಾ ಅವರೇ.

ಸೀದಾ_ಇಂಗ್ಲಿಷ್
‘ಬಿಡು’ ವಿಚಾರದಲ್ಲಿ ನೀವು ಹೇಳಿದ್ದು ಸರಿ, ಅದನ್ನು ಹೋಲಿಸಿಯೇ ತೋರಿಸಬೇಕು. ಆದರೆ ಹೋಲಿಕೆ ಆದ ಮೇಲೆ ‘ರನ್ ಎ ಬಸ್’ ಅನ್ನುವುದನ್ನು ಐದು ವಾಕ್ಯದಲ್ಲಿ ಬಳಸಿಸಬೇಕು. ಅದಿಲ್ಲದಿದ್ದರೆ ಮುಂದಿನ ಪತ್ರದಲ್ಲಿ ‘ಲೀವ್’ ಮತ್ತೆ ಬರುತ್ತದೆ.

ವಾದಸರಣಿ
ವಾದದ ಪಾಲು ನನ್ನದು. ಪತ್ರ ಓದುವವರು ಯಾರು? ಒಂದು ಬಸ್ಸು, ಒಬ್ಬ ಚಾಲಕ, ಡೀಸೆಲ್ಲು, ವೇಳಾಪಟ್ಟಿ, ಇಷ್ಟನ್ನು ಹೊಂದಿಸಬೇಕಾದ ಅಧಿಕಾರಿ. ‘ನಮಗೆ ಕಷ್ಟ’ ಅನ್ನುವ ಪತ್ರ ಅವರ ಮೇಜಿಗೆ ದಿನಾ ಬರುತ್ತದೆ. ಅವರಿಗೆ ತೀರ್ಮಾನ ಮಾಡಲು ಬೇಕಾದ್ದು ಅಂಕಿ. ಎಷ್ಟು ಮಕ್ಕಳು, ಶಾಲೆ ಎಷ್ಟು ದೂರ, ಶಾಲೆ ಶುರುವಾಗುವುದು ಎಷ್ಟಕ್ಕೆ, ಈಗಿನ ಬಸ್ ಬರುವುದು ಎಷ್ಟಕ್ಕೆ. ಅಂಕಿ ಊಹೆಯಾಗಿರಬಾರದು. ಮೂರು ದಿನ ಬೆಳಿಗ್ಗೆ ಸ್ಟಾಪಿನಲ್ಲಿ ನಿಂತು ಎಣಿಸಿ ಬರೆಯಲಿ.

ಆಮೇಲೆ ಕೇಳುವುದನ್ನು ಆದಷ್ಟು ಚಿಕ್ಕದು ಮಾಡಿ. ‘ಹೊಸ ಬಸ್ ಕೊಡಿ’ ದೊಡ್ಡ ಕೋರಿಕೆ. ‘ಪಕ್ಕದ ಊರಿನವರೆಗೆ ಬರುವ ಬಸ್ಸನ್ನು 3 ಕಿಲೋಮೀಟರ್ ಮುಂದೆ ತನ್ನಿ’ ಅಥವಾ ‘20 ನಿಮಿಷ ಮುಂಚೆ ಹೊರಡಿಸಿ’ ಅನ್ನುವುದು ಅವರ ಕೈಯಲ್ಲಿ ಆಗುವ ಕೆಲಸ. ಒಂದು ಪತ್ರದಲ್ಲಿ ಒಂದೇ ಕೋರಿಕೆ ಇರಲಿ. ರಸ್ತೆ, ತಂಗುದಾಣ, ಲೈಟು ಎಲ್ಲ ಸೇರಿಸಿದರೆ ಬಸ್ಸು ಹಿಂದೆ ಬೀಳುತ್ತದೆ.

‘ಇಟ್ ಇಸ್ ಯುವರ್ ಡ್ಯೂಟಿ’ ತೆಗೆಯಿರಿ. ಮಾತು ಸುಳ್ಳಲ್ಲ, ಆದರೆ ಆ ವಾಕ್ಯ ಓದಿದ ಮೇಲೆ ಅವರು ತಮ್ಮ ಸಮರ್ಥನೆಗೆ ಇಳಿಯುತ್ತಾರೆ. ಅದೇ ಜಾಗದಲ್ಲಿ ಅವರ ಮನಸ್ಸಿನಲ್ಲಿ ಏಳುವ ಆಕ್ಷೇಪವನ್ನು ನೀವೇ ಎತ್ತಿ ಉತ್ತರ ಕೊಡಿ. ‘ಆಲ್ದೋ ದ ಬಸ್ ಮೇ ರನ್ ಹಾಫ್ ಎಂಪ್ಟಿ ಆನ್ ಹಾಲಿಡೇಸ್, ಇಟ್ ವಿಲ್ ಕ್ಯಾರಿ 34 ಸ್ಟೂಡೆಂಟ್ಸ್ ಆನ್ ಎವರಿ ಸ್ಕೂಲ್ ಡೇ.’ ಇಲ್ಲಿ 34 ಬರೀ ಉದಾಹರಣೆ, ನಿಮ್ಮ ಎಣಿಕೆಯನ್ನು ಹಾಕಿ. ಪೋರ್ಷಿಯಾ ಮಾಡಿದ್ದೂ ಇದನ್ನೇ, ಮೊದಲು ಒಪ್ಪಿ ಆಮೇಲೆ ತಿರುಗಿಸುವುದು.

ಮೆಲ್ಬರ್ನ್_ಕನ್ನಡತಿ
ಇಲ್ಲಿಯ ಅನುಭವದಿಂದ ಒಂದು ಎಚ್ಚರಿಕೆ. ಆಸ್ಟ್ರೇಲಿಯಾದಲ್ಲಿ 3, 5, 7, 9ನೇ ತರಗತಿಗೆ ನಡೆಯುವ ನ್ಯಾಪ್ಲಾನ್ ಪರೀಕ್ಷೆಯ ಬರವಣಿಗೆಯನ್ನು ಹತ್ತು ಮಾನದಂಡದಲ್ಲಿ ಅಳೆಯುತ್ತಾರೆ. ಮನವೊಲಿಸುವ ಬರಹವಾದರೆ ‘ಮನವೊಲಿಸುವ ತಂತ್ರಗಳು’ ಅದರಲ್ಲಿ ಒಂದು. ಓದುಗರು, ರಚನೆ, ವಿಚಾರ, ಪದಸಂಪತ್ತು, ವಾಕ್ಯಗಳ ಹೊಂದಾಣಿಕೆ, ಪ್ಯಾರಾ ವಿಂಗಡಣೆ, ವಾಕ್ಯರಚನೆ, ವಿರಾಮಚಿಹ್ನೆ, ಕಾಗುಣಿತ ಇವು ಉಳಿದ ಒಂಬತ್ತು. ತಂತ್ರದ ಪಟ್ಟಿಯನ್ನಷ್ಟೇ ಕಲಿಸಿದರೆ ಮಕ್ಕಳು ಒಂದರ ಹಿಂದೆ ಒಂದು ಮೂರು ಪ್ರಶ್ನೆ ಎಸೆಯುತ್ತಾರೆ, ‘ಸ್ಟಡೀಸ್ ಶೋ’ ಅಂತ ಇಲ್ಲದ ಅಧ್ಯಯನ ಹುಟ್ಟಿಸುತ್ತಾರೆ, ‘90 ಪರ್ಸೆಂಟ್’ ಅಂತ ಬರೆದುಬಿಡುತ್ತಾರೆ. ಮನೆಯಲ್ಲಿ ಸಹಾಯ ಮಾಡುವವರು ಆ ಅಂಕಿ ಎಲ್ಲಿಂದ ಬಂತು ಅಂತ ಒಂದೇ ಪ್ರಶ್ನೆ ಕೇಳಿದರೆ ಸಾಕು. ಮಾತಾಡಲು ಇಂಗ್ಲಿಷ್ ಸಲೀಸಾಗಿ ಬರುವ ಮಕ್ಕಳಲ್ಲೂ ‘ಬಿಕಾಸ್’, ‘ದೇರ್‌ಫೋರ್’, ‘ಹೌಎವರ್’ ಸರಿಯಾದ ಜಾಗದಲ್ಲಿ ಕೂರುವುದಿಲ್ಲ.

ಕೆಂಪುಪೆನ್
ಪತ್ರದ ಚೌಕಟ್ಟು ಮರೆಯಬೇಡಿ. ಕಳಿಸುವವರ ವಿಳಾಸ, ದಿನಾಂಕ, ಪಡೆಯುವವರ ಹುದ್ದೆ ಮತ್ತು ವಿಳಾಸ, ಸಂಬೋಧನೆ, ವಿಷಯ, ಒಕ್ಕಣೆ, ಸಹಿ. ವಿಷಯದ ಸಾಲಿನಲ್ಲೇ ಕೋರಿಕೆ ಪೂರ್ತಿ ಇರಲಿ. ಬರೀ ‘ರಿಗಾರ್ಡಿಂಗ್ ಬಸ್’ ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ‘ಯುವರ್ಸ್ ಫೇತ್‌ಫುಲಿ’ಯಲ್ಲಿ ‘ಯುವರ್ಸ್’ಗೆ ಅಪಾಸ್ಟ್ರಫಿ ಇಲ್ಲ. ಕೊನೆಗೆ ‘ವಿ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯೂ’ ಹಾಕುವುದಾದರೆ ‘ಟು ಹಿಯರ್’ ಅಲ್ಲ, ‘ಟು ಹಿಯರಿಂಗ್’. ಈ ‘ಟು’ ಪ್ರೆಪೊಸಿಷನ್, ಅದರ ಮುಂದೆ ‘ಇಂಗ್’ ರೂಪವೇ ಬರಬೇಕು.

ಎಲ್ಲಿ ಕೈ ಬಿಡಬೇಕು ಅಂತ ಮೊದಲೇ ಕೇಳಿದ್ದಿರಿ ಮೇಡಂ. ತಪ್ಪಿನ ಸಾಲಿನ ಎದುರು ಅಂಚಿನಲ್ಲಿ ಒಂದು ಚುಕ್ಕೆ ಇಡಿ, ತಪ್ಪು ಯಾವುದು ಅಂತ ಹೇಳಬೇಡಿ. ಎರಡು ಸಲ ಹುಡುಕಿಯೂ ಸಿಗದಿದ್ದರೆ ‘ಕಾಲ ನೋಡು’, ‘ಆರ್ಟಿಕಲ್ ನೋಡು’ ಅನ್ನುವಷ್ಟು ಹೇಳಿ. ಪೆನ್ನು ಮಾತ್ರ ಅವನ ಕೈಯಲ್ಲೇ ಇರಲಿ.

ತುಂಗಾತೀರ
ಬಣ್ಣದ ಪೆನ್ಸಿಲ್ ಕೆಲಸ ಆಯಿತು. ‘ಅಸ್’ 16ನೇ ಸಾಲಿನಲ್ಲಿ ಶುರುವಾಗುವುದನ್ನು ಅವನೇ ಹುಡುಕಿದ. ಒಂದು ಕಡೆ ಇಬ್ಬರೂ ನಿಂತಿದ್ದೇವೆ: ‘ಮೈಟಿಯೆಸ್ಟ್ ಇನ್ ದ ಮೈಟಿಯೆಸ್ಟ್’. ಒಂದೇ ಪದ ಎರಡು ಸಲ ಯಾಕೆ, ಎರಡನೆಯದಕ್ಕೆ ಮಾತ್ರ ‘ದ’ ಯಾಕೆ?

ಕಪ್ಪುಹಲಗೆ
ಮೊದಲನೆಯದು ಗುಣವಾಚಕ, ದಯೆಯನ್ನು ಕುರಿತದ್ದು: ಅತ್ಯಂತ ಬಲವುಳ್ಳದ್ದು. ಎರಡನೆಯದು ಜನರನ್ನು ಕುರಿತದ್ದು. ಗುಣವಾಚಕದ ಹಿಂದೆ ‘ದ’ ಬಂದು ಮುಂದೆ ನಾಮಪದ ಇಲ್ಲದಿದ್ದರೆ ಆ ಗುಣ ಇರುವವರು ಅಂತ ಅರ್ಥ. ‘ದ ಪೂರ್’ ಅಂದರೆ ಬಡವರು. ನಾವು ‘ಬಡ’ಕ್ಕೆ ‘ಅವರು’ ಸೇರಿಸಿ ಮಾಡುವ ಕೆಲಸವನ್ನು ಇಂಗ್ಲಿಷಿನವರು ಹಿಂದೆ ‘ದ’ ಇಟ್ಟು ಮಾಡುತ್ತಾರೆ. ಆದ್ದರಿಂದ, ದಯೆ ಅತ್ಯಂತ ಬಲಶಾಲಿಗಳಲ್ಲಿದ್ದಾಗಲೇ ಅದರ ಬಲ ಎಲ್ಲಕ್ಕಿಂತ ಹೆಚ್ಚು. ಶಿಕ್ಷಿಸುವ ಶಕ್ತಿ ಇರುವವನು ಕ್ಷಮಿಸಿದರೆ ಅದಕ್ಕೆ ತೂಕ ಅಲ್ಲವೇ? ಆ ಹೊತ್ತಿಗೆ ನ್ಯಾಯಾಲಯದಲ್ಲಿ ಆ ಶಕ್ತಿ ಶೈಲಾಕನ ಕೈಯಲ್ಲಿತ್ತು. ಅವನನ್ನೇ ದೊರೆಯ ಜಾಗದಲ್ಲಿ ನಿಲ್ಲಿಸಿ ಆಡಿದ ಮಾತು ಅದು. ಇದನ್ನು ಮಗ ಮನವೊಲಿಕೆಯ ಉತ್ತರದಲ್ಲಿ ನಾಲ್ಕನೇ ಅಂಶವಾಗಿ ಸೇರಿಸಬಹುದು. ‘ದ ಪೂರ್’ಗೆ ಬಹುವಚನದ ‘ಆರ್’ ಬರುತ್ತದೆ, ‘ಇಸ್’ ಅಲ್ಲ ಅಂತಲೂ ಹೇಳಿಡಿ, ತಪ್ಪು ತಿದ್ದುವ ಎಡಿಟಿಂಗ್ ಪ್ರಶ್ನೆಗೆ ಬೇಕಾಗುತ್ತದೆ.